ಅಪ್ಪನಿಗೊಂದು ಅರಿಶಿನದ ಹಾಳೆ

ಮಗಳೇ, ಜೂನ್ ತಿಂಗಳ ಮೂರನೇ ಭಾನುವಾರಕ್ಕೆ ಮಕ್ಕಳ ಕೈಯಿಂದಲೇ ಅವರಪ್ಪನಿಗೆ ಏನಾದರೂ ಬಣ್ಣದ್ದು ಮಾಡಿಸಬೇಕು ಅಂದೆಯಲ್ಲ, ಕೇಳಿ ತುಂಬ ಸಂತೋಷವಾಯಿತು. ದೊಡ್ಡವನಿಗೆ ಆರು, ಚಿಕ್ಕವಳಿಗೆ ಮೂರು. ಇದೇ ವಯಸ್ಸಿನ ಮಕ್ಕಳ ನಡುವೆ ಶಿಶುವಿಹಾರದಲ್ಲಿ ಬದುಕಿನ ಬಹುಪಾಲು ಕಳೆದವಳು ನಿನ್ನ ದೊಡ್ಡಮ್ಮ. ಹಾಗಾಗಿ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಆ ಉಡುಗೊರೆಯನ್ನು ನೀನು ಮಾಡಬೇಡ. ನೆಲಕ್ಕೆ ಹಳೇ ಪೇಪರ್ ಹಾಸು, ಬಣ್ಣ ಕಲಸಿಕೊಡು, ಅಂಗಿಯ ತೋಳು ಮಡಚು, ಪಕ್ಕದಲ್ಲೇ ಕೂತಿರು. ಹಾಳೆಯ ಮೇಲೆ ಬೀಳುವ ಗೆರೆ ಮಾತ್ರ ಪೂರ್ತಿ ಅವರದ್ದೇ ಆಗಿರಲಿ.

ಹೇಳುವಷ್ಟು ಸುಲಭವಲ್ಲ ಇದು. ಮಗು ಮೂಗನ್ನು ಹಣೆಯ ಮೇಲೆ ಬರೆದಾಗ ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. ‘ಇಲ್ಲಿ ಬರಿ ಪುಟ್ಟಾ’ ಎಂದು ಮುಷ್ಟಿ ಹಿಡಿದು ತಿದ್ದಿಬಿಡುತ್ತೇವೆ. ಎಷ್ಟೋ ಶಾಲೆಗಳಲ್ಲಿ ಅಪ್ಪಂದಿರ ದಿನಕ್ಕೆ ಮಾಡಿಸುವ ಕಾರ್ಡುಗಳನ್ನು ನೋಡಿದ್ದೀಯಲ್ಲ, ಇಡೀ ತರಗತಿಯದ್ದೂ ಒಂದೇ ಅಚ್ಚು. ಟೀಚರ್ ಕತ್ತರಿಸಿದ ಟೈ, ಟೀಚರ್ ಅಂಟಿಸಿದ ಮೀಸೆ, ನಡುವೆ ಮಗು ತುಂಬಿದ ಒಂದಿಷ್ಟು ಬಣ್ಣ. ಚೆಂದ ಕಾಣುತ್ತದೆ ನಿಜ, ಆದರೆ ಯಾವ ಮಗುವಿನದು ಯಾವುದು ಎಂದು ಹೆಸರು ಓದದೆ ತಿಳಿಯುವುದಿಲ್ಲ. ಅಪ್ಪನಾದವನಿಗೆ ತನ್ನ ಮಗುವಿನ ಕೈ ಅದರಲ್ಲಿ ಸಿಗುವುದಾದರೂ ಹೇಗೆ?

ಮೂರರ ಕೂಸು ಗೀಚುತ್ತದೆ, ಅಷ್ಟೇ. ಗೀಚುತ್ತ ಗೀಚುತ್ತ ಒಂದು ದಿನ ಗೆರೆಯನ್ನು ಸುತ್ತಿಸಿ ತಂದು ತುದಿಗೆ ತುದಿ ಕೂಡಿಸುತ್ತದೆ. ನಾಲ್ಕರ ಹೊತ್ತಿಗೆ ಆ ಸುತ್ತಿನೊಳಗೆ ಎರಡು ಕಣ್ಣು ಬರುತ್ತವೆ, ಸುತ್ತಿನ ಕೆಳಗೆ ನೇರವಾಗಿ ಎರಡು ಕಾಲು ಇಳಿಯುತ್ತವೆ. ಕುತ್ತಿಗೆ ಇಲ್ಲ, ಹೊಟ್ಟೆ ಇಲ್ಲ. ಬೇರೆ ಬೇರೆ ದೇಶಗಳ ಮಕ್ಕಳೂ ಮೊದಮೊದಲು ಬರೆಯುವ ಮನುಷ್ಯ ಹೆಚ್ಚುಕಡಿಮೆ ಹೀಗೇ ಇರುತ್ತಾನೆ. ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಕಲಾಶಿಕ್ಷಕ ಮಕ್ಕಳ ಚಿತ್ರಗಳ ಬಗ್ಗೆ 1947ರಲ್ಲಿ ಬರೆದ ಪುಸ್ತಕದಲ್ಲಿ ಎರಡರಿಂದ ನಾಲ್ಕು ವರ್ಷದವರೆಗೆ ಗೀಚಾಟದ ಹಂತ, ನಾಲ್ಕರಿಂದ ಏಳರವರೆಗೆ ಆಕಾರಗಳು ಮೂಡತೊಡಗುವ ಹಂತ ಎಂದು ಗುರುತಿಸಿದ್ದಾರೆ. ನಿನ್ನ ಇಬ್ಬರು ಮಕ್ಕಳೂ ಈ ಎರಡರಲ್ಲಿ ಒಂದೊಂದು ಕಡೆ ಇದ್ದಾರೆ. ಚಿಕ್ಕವಳ ಗೀಚಿನಲ್ಲಿ ಅಪ್ಪನ ಮುಖ ಕಾಣಲಿಲ್ಲವೆಂದು ಅಣ್ಣ ನಕ್ಕರೆ ಅಲ್ಲೇ ತಡೆ. ಇಬ್ಬರಿಗೂ ಬೇರೆ ಬೇರೆ ಹಾಳೆ ಕೊಡು, ಪಕ್ಕಪಕ್ಕ ಇಟ್ಟು ಹೋಲಿಸಬೇಡ. ಅಪ್ಪ ಹಸಿರಾಗಿದ್ದರೆ ಹಸಿರಾಗಿಯೇ ಇರಲಿ. ಮನೆಗಿಂತ ಅಪ್ಪನೇ ಎತ್ತರವಾದರೆ ಇನ್ನೂ ಒಳ್ಳೆಯದು. ಮನಸ್ಸಿಗೆ ದೊಡ್ಡದಾದದ್ದನ್ನು ಈ ವಯಸ್ಸಿನವರು ಹಾಳೆಯ ಮೇಲೂ ದೊಡ್ಡದಾಗಿ ಬರೆಯುತ್ತಾರೆ.

ಇನ್ನು ಬಣ್ಣಕ್ಕೆ ಅಂಗಡಿಗೆ ಓಡಬೇಡ, ಅಡುಗೆಮನೆಯಲ್ಲೇ ಇದೆ. ದಪ್ಪ ಡ್ರಾಯಿಂಗ್ ಹಾಳೆಯನ್ನು ಕಾರ್ಡಿನಂತೆ ಮಡಚಿಕೋ. ಎರಡು ಚಮಚ ಅರಿಶಿನ ಪುಡಿಗೆ ನೀರು ಬೆರೆಸಿ ತೆಳ್ಳಗೆ ಕಲಸು. ಹಳೇ ಬನಿಯನ್ನಿನ ತುಂಡು ಅದ್ದಿ ಹಾಳೆಗೆಲ್ಲ ಬಳಿಯುವ ಕೆಲಸ ದೊಡ್ಡವನಿಗೆ ಒಪ್ಪಿಸು. ಮಳೆಗಾಲವಾದ್ದರಿಂದ ಫ್ಯಾನಿನ ಕೆಳಗೆ ಹರಡಿದರೂ ಒಣಗಲು ಹೊತ್ತು ಹಿಡಿಯುತ್ತದೆ. ಈ ಕೆಲಸವನ್ನು ಹಿಂದಿನ ದಿನವೇ ಮುಗಿಸಿಕೊಂಡರೆ ಮಕ್ಕಳು ಕಾದು ಕಾದು ಬೇಸರಪಡುವುದಿಲ್ಲ. ಒಣಗಿದ ಮೇಲೆ ಉದುರುವ ಪುಡಿಯನ್ನು ಮೆಲ್ಲಗೆ ಕೊಡವಿಬಿಡು.

ಮಾರನೇ ದಿನ ಒಂದು ಬಟ್ಟಲಲ್ಲಿ ಸ್ನಾನದ ಸೋಪು ಕರಗಿಸಿದ ನೀರು, ಕಡ್ಡಿಯ ತುದಿಗೆ ಸುತ್ತಿದ ಹತ್ತಿ. ಇಷ್ಟೇ ಸಾಮಾನು. ಬಣ್ಣವೇ ಇಲ್ಲದ ಆ ನೀರನ್ನು ಹಳದಿ ಹಾಳೆಗೆ ಮುಟ್ಟಿಸಿದ ಕಡೆಯೆಲ್ಲ ಕೆಂಪು ಏಳುತ್ತದೆ. ಮಕ್ಕಳು ಕೂಗಿಕೊಳ್ಳುವ ಕೂಗನ್ನು ನೀನೇ ಕೇಳಬೇಕು! ಆಮೇಲೆ ನಿಂಬೆರಸದಲ್ಲಿ ಅದ್ದಿದ ಇನ್ನೊಂದು ಕಡ್ಡಿ ಕೊಡು; ಕೆಂಪಿನ ಮೇಲೆ ಎಳೆದರೆ ಮತ್ತೆ ಹಳದಿ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶ ಕ್ಷಾರ ತಗುಲಿದರೆ ಕೆಂಪಾಗುತ್ತದೆ, ಹುಳಿ ತಗುಲಿದರೆ ಹಳದಿಗೆ ಮರಳುತ್ತದೆ. ಸಾಂಬಾರು ಚೆಲ್ಲಿದ ಬಿಳಿ ಅಂಗಿಗೆ ಸೋಪು ಹಚ್ಚಿದಾಗ ಕಲೆ ಕೆಂಪಗೆ ತಿರುಗುವುದೂ ಇದರಿಂದಲೇ. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಕದಡಿದರೆ ಓಕುಳಿಯಾಗುವುದನ್ನು ನಿನ್ನ ಮಕ್ಕಳು ಎಷ್ಟು ಸಲ ನೋಡಿಲ್ಲ! ‘ಅದೇ ಇದು’ ಎಂದು ಅವರಿಗೆ ಹೇಳು. ಎನ್‌ಸಿಇಆರ್‌ಟಿಯ ಹಳೆಯ ಏಳನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಈ ಕಾರ್ಡು ಮಾಡುವ ಬಗೆ ಇದೆ, ಆದರೆ ಅಲ್ಲಿ ಅದನ್ನು ಅಮ್ಮನ ಹುಟ್ಟುಹಬ್ಬಕ್ಕೆ ಎಂದಿದ್ದಾರೆ. ಒಂದು ಸಲ ಅಪ್ಪನ ಪಾಲಿಗೂ ಬರಲಿ.

ಎರಡು ಎಚ್ಚರಿಕೆ. ಕೈ ತೊಳೆಯುವ ದ್ರವ ಸೋಪು, ಕೂಸುಗಳಿಗೆಂದೇ ಮಾರುವ ಕೆಲವು ಸೋಪುಗಳು ಅಷ್ಟಾಗಿ ಕ್ಷಾರವಲ್ಲ, ಅವುಗಳಿಂದ ಕೆಂಪು ಬಾರದೆ ಮಕ್ಕಳ ಮುಖ ಬಾಡೀತು. ಹಾಳೆಯ ಚೂರಿನ ಮೇಲೆ ನೀನೇ ಮೊದಲು ಪರೀಕ್ಷೆ ಮಾಡಿಕೋ. ಎರಡನೆಯದು ಇನ್ನೂ ಮುಖ್ಯ: ಕೆಂಪು ಬೇಗ ಬರುತ್ತದೆಂದು ಎಲೆಯಡಿಕೆಯ ಸುಣ್ಣವನ್ನು ಮಕ್ಕಳ ಕೈಗೆ ಎಂದೂ ಕೊಡಬೇಡ. ಕಣ್ಣಿಗೆ ಸಿಡಿದರೆ ಕಣ್ಣನ್ನೇ ಸುಡುತ್ತದೆ ಅದು. ಸುಣ್ಣದ ಪೊಟ್ಟಣ ಹಿಸುಕಿ ಆಟವಾಡಿ ದೃಷ್ಟಿ ಕೆಡಿಸಿಕೊಂಡ ಮಕ್ಕಳು ನಮ್ಮ ದೇಶದಲ್ಲಿ ಇದ್ದಾರೆ. ಸೋಪಿನ ನೀರೂ ಕಣ್ಣಿಗೆ ಹೋದರೆ ಉರಿಯುತ್ತದೆ, ಪಕ್ಕದಲ್ಲಿ ಒಂದು ಚೊಂಬು ಒಳ್ಳೆಯ ನೀರಿರಲಿ. ಹೋಳಿ ಹಬ್ಬಕ್ಕೆ ತಂದು ಉಳಿದ ಬಣ್ಣದ ಪುಡಿಗಳನ್ನಂತೂ ಈ ಕೆಲಸಕ್ಕೆ ಮುಟ್ಟಲೇಬೇಡ. ಚಿಕ್ಕವಳು ಇನ್ನೂ ಬೆರಳು ಬಾಯಿಗಿಡುವವಳು.

ಬೇರೆ ಬಣ್ಣಗಳೂ ಬೇಕೆಂದರೆ ಬಿಳಿ ಹಾಳೆಯೊಂದನ್ನು ಬೇರೆಯಾಗಿ ಇಟ್ಟುಕೋ. ಶಂಖಪುಷ್ಪದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿದರೆ ನೀಲಿ. ನಿಂಬೆಹನಿ ಬಿದ್ದರೆ ಅದೇ ನೇರಳೆ, ಇನ್ನಷ್ಟು ಬಿದ್ದರೆ ಗುಲಾಬಿ. ಹಿತ್ತಲ ಬಸಳೆ ಬಳ್ಳಿಯಲ್ಲಿ ಹಣ್ಣಾದ ಕಾಯಿಗಳಿದ್ದರೆ ಹಿಂಡಿಕೊಡು. ನಾವು ಚಿಕ್ಕವರಿದ್ದಾಗ ಅದೇ ನಮ್ಮ ಶಾಯಿ. ಬೀಟ್‌ರೂಟ್ ಬಗ್ಗೆ ನನಗೆ ಅಷ್ಟು ಮನಸ್ಸಿಲ್ಲ, ಹಸಿಯಲ್ಲಿ ಹೊಳೆದು ಒಣಗುತ್ತಿದ್ದಂತೆ ಮಂಕಾಗುತ್ತದೆ.

ಎಷ್ಟು ಹೊತ್ತು ಎಂದು ಕೇಳಿದ್ದೆಯಲ್ಲ. ಮೂರರ ಮಗುವಿಗೆ ಹತ್ತು ಹದಿನೈದು ನಿಮಿಷವೇ ಬಹಳ. ಎದ್ದು ಓಡಿದರೆ ಓಡಲಿ, ‘ಅಪ್ಪನಿಗೆ ಅಲ್ವಾ, ಪೂರ್ತಿ ಮಾಡು’ ಎಂದು ಎಳೆದು ತಂದು ಕೂರಿಸಬೇಡ. ಪ್ರೀತಿಯ ಹೆಸರಿನಲ್ಲಿ ಮಗುವನ್ನು ದುಡಿಸುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಅವಳು ಎದ್ದು ಹೋದ ಕ್ಷಣಕ್ಕೆ ಅವಳ ಕಾರ್ಡು ಮುಗಿಯಿತೆಂದೇ ತಿಳಿ.

ಮುಗಿದ ಮೇಲೆ ನಿನಗೊಂದು ಕೆಲಸವಿದೆ. ‘ಏನಿದು?’ ಎನ್ನಬೇಡ, ‘ಇದರ ಕಥೆ ಹೇಳು’ ಅನ್ನು. ಅವರು ಏನು ಹೇಳುತ್ತಾರೋ ಅದನ್ನೇ, ಅವರ ಬಾಯಿಂದ ಬಂದಂತೆಯೇ, ಕಾರ್ಡಿನ ಹಿಂದೆ ಪೆನ್ನಿನಲ್ಲಿ ಬರೆ. ವ್ಯಾಕರಣ ತಿದ್ದಬೇಡ. ಹೆಸರು, ವಯಸ್ಸು, ತಾರೀಖು ಹಾಕು. ಇನ್ನಾರು ತಿಂಗಳಲ್ಲಿ ಅವರು ಹಾಗೆ ಬರೆಯುವುದಿಲ್ಲ, ಹಾಗೆ ಮಾತಾಡುವುದೂ ಇಲ್ಲ. ಆಮೇಲೆ ಕಾರ್ಡನ್ನು ಬಿಸಿಲು ಬೀಳುವ ಗೋಡೆಗೆ ತೂಗುಹಾಕದೆ ದಪ್ಪ ಪುಸ್ತಕದೊಳಗೆ ಇಡು. ಬಟ್ಟೆಯ ಮೇಲಿನ ಅರಿಶಿನದ ಕಲೆಯನ್ನು ನಾವು ಬಿಸಿಲಿಗೆ ಹರಡಿ ಹೋಗಿಸುವುದಿಲ್ಲವೇ, ಕಾರ್ಡಿನ ಬಣ್ಣವೂ ಬಿಸಿಲಿಗೆ ಹಾಗೇ ಹೋಗಿಬಿಡುತ್ತದೆ.

ಅಳಿಯಂದಿರಿಗೂ ಒಂದು ಮಾತು ಮೊದಲೇ ಹೇಳಿಟ್ಟಿರು. ಮಗು ಹಾಳೆ ತಂದು ಕೊಟ್ಟಾಗ ಫೋನು ಕೆಳಗಿಡಬೇಕು, ನೆಲದ ಮೇಲೆ ಕೂತು ಕೈಗೆ ತೆಗೆದುಕೊಳ್ಳಬೇಕು. ‘ಸೂಪರ್’ ಎಂದು ಒಂದು ಪದದಲ್ಲಿ ಮುಗಿಸದೆ ಒಂದು ಗೆರೆಯ ಮೇಲೆ ಬೆರಳಿಟ್ಟು ಕೇಳಬೇಕು. ಫೋಟೋ ತೆಗೆದು ಗುಂಪುಗಳಿಗೆಲ್ಲ ಕಳಿಸುವುದು ಆಮೇಲೆ ಇದ್ದೇ ಇದೆ. ಅಂದಹಾಗೆ, ಚಿಕ್ಕವಳ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಶನಿವಾರವೇ ಅಪ್ಪನ ಕಿವಿಗೆ ಮುಟ್ಟಿರುತ್ತದೆ. ಅದಕ್ಕಾಗಿ ಗದರಬೇಡ. ಹೇಳಿಕೊಳ್ಳುವ ಸಂಭ್ರಮವೂ ಅವಳ ಉಡುಗೊರೆಯಲ್ಲೇ ಸೇರಿದೆ.

ನೀನು ಅಕ್ಕಪಕ್ಕದ ಮಕ್ಕಳನ್ನೂ ಕರೆಯುತ್ತೀಯಂತೆ. ಹಾಗಾದರೆ ಯಾರ ಮನೆಯಲ್ಲಿ ಅಪ್ಪ ಇಲ್ಲ, ಯಾರ ಅಪ್ಪ ದೂರದಲ್ಲಿದ್ದಾರೆ ಎಂದು ಮೊದಲೇ ತಿಳಿದುಕೋ. ಈ ದಿನ ಹುಟ್ಟಿದ್ದೇ ಅಮ್ಮನಿಲ್ಲದ ಒಂದು ಮನೆಯಿಂದ. ಅಮೆರಿಕದ ಸ್ಪೋಕೇನ್ ಊರಿನ ಸೊನೋರಾ ಸ್ಮಾರ್ಟ್ ಡಾಡ್ ಎಂಬಾಕೆಯ ತಾಯಿ ಹೆರಿಗೆಯಲ್ಲಿ ತೀರಿಕೊಂಡಿದ್ದರು. ಮಕ್ಕಳನ್ನು ತಂದೆಯೊಬ್ಬರೇ ಸಾಕಿದರು. ಆ ತಂದೆಯ ಗೌರವಕ್ಕೆಂದು ಮಗಳು ಪಟ್ಟುಹಿಡಿದು ಓಡಾಡಿ 1910ರ ಜೂನ್ 19ರಂದು ಮೊದಲ ಆಚರಣೆ ಮಾಡಿಸಿದಳು. ಅಲ್ಲಿನ ಸರ್ಕಾರ ಇದನ್ನು ಕಾಯಂ ರಾಷ್ಟ್ರೀಯ ದಿನವಾಗಿಸಿದ್ದು 1972ರಲ್ಲಿ. ಅಪ್ಪನಿಲ್ಲದ ಮಗು ಬಂದರೆ ‘ಯಾರಿಗೆ ಕೊಡ್ತೀಯ?’ ಎಂದು ಎಲ್ಲರೆದುರು ಕೇಳಬೇಡ. ‘ನಿನ್ನನ್ನು ಎತ್ತಿಕೊಳ್ಳೋರಿಗೆ, ಸ್ಕೂಲಿಗೆ ಬಿಡೋರಿಗೆ, ಯಾರಿಗೆ ಬೇಕೋ ಅವರಿಗೆ ಬರಿ’ ಎಂದು ಶುರುವಿನಲ್ಲೇ ಎಲ್ಲ ಮಕ್ಕಳಿಗೂ ಒಟ್ಟಿಗೆ ಹೇಳಿಬಿಡು. ಅಜ್ಜನಿಗೆ, ಮಾವನಿಗೆ, ಅಮ್ಮನಿಗೇ ಬರೆದರೂ ಸರಿ. ತೀರಿಹೋದ ಅಪ್ಪನಿಗೇ ಬರೆಯುತ್ತೇನೆಂದರೆ ಬರೆಯಲಿ, ನೀನು ಮಾತು ತಿರುಗಿಸಬೇಡ. ಆ ಮಗುವಿನ ಕಾರ್ಡಿನ ಹಿಂದೆಯೂ ಅದು ಹೇಳಿದ್ದನ್ನೇ ಬರೆದುಕೊಡು.

ಅರಿಶಿನ ಬಳಿಯುವಾಗ ಒಂದು ಹಾಳೆ ಹೆಚ್ಚಿಗೆ ಬಳಿದಿಟ್ಟಿರು ಮಗಳೇ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಳಿಯಂದಿರನ್ನು ಕೂರಿಸಿ ಅವರ ಕೈಗೂ ಕಡ್ಡಿ ಕೊಡಿ. ಸೋಪಿನ ನೀರಿನಲ್ಲಿ ಬರೆಯುವುದು ಹೇಗೆಂದು ಮಕ್ಕಳೇ ಅಪ್ಪನಿಗೆ ಹೇಳಿಕೊಡಲಿ.