ಅಹವಾಲು ಬರೆಯುವ ವಿದ್ಯೆ: ನಗರದ ಹವಾಮಾನ ನೀತಿ ಮತ್ತು ಆದವಾನಿ ಸೀಮೆಯ ಕನ್ನಡ ವಿದ್ಯಾರ್ಥಿ

ಹವಾಮಾನ ಬದಲಾವಣೆಯ ಚರ್ಚೆ ವಿಜ್ಞಾನ ಮತ್ತು ಅರ್ಥಶಾಸ್ತ್ರ ವಿಭಾಗಗಳಿಗೆ ಸೇರಿದುದೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಬಿಸಿಲು, ಬರ, ನೆರೆಗಳನ್ನು ಎದುರಿಸಲು ನಗರವೊಂದು ರೂಪಿಸುವ ನೀತಿಯ ನ್ಯಾಯವು, ಯಾರ ಕಷ್ಟ ಯಾವ ಮಾತಿನಲ್ಲಿ ಕಡತಕ್ಕೆ ಏರಿತು ಎಂಬುದನ್ನು ಅವಲಂಬಿಸಿದೆ. ಆದುದರಿಂದ ಇಂತಹ ನೀತಿಗಾಗಿ ವಾದಿಸಬಲ್ಲ ಪದವೀಧರರನ್ನು ಸಿದ್ಧಗೊಳಿಸುವ ಕಾರ್ಯದಲ್ಲಿ ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೂ ಪಾಲಿದೆ.

1. ಸೀಮೆಯ ಹಿನ್ನೆಲೆ

ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರವರೆಗೆ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಅವು ಅದರ ಭಾಗವಾದವು. ಆಡಳಿತದ ಗಡಿ ಬದಲಾದರೂ ಕಪ್ಪು ನೆಲ, ಹತ್ತಿಯ ಬೆಳೆ, ಮುನಿದ ಮಳೆ ಹಾಗೆಯೇ ಉಳಿದವು. ಜನರ ನೆನಪಿನಲ್ಲಿ ಧಾತು-ಈಶ್ವರ ಬರವೆಂದು ಸಂವತ್ಸರದ ಹೆಸರಿನಿಂದ ಉಳಿದಿರುವ 1876–78ರ ಕ್ಷಾಮ ಈ ನೆಲವನ್ನು ಹಿಂಡಿತ್ತು. 2009ರ ಅಕ್ಟೋಬರ್ ಮೊದಲ ವಾರದಲ್ಲಿ ಅದೇ ಸೀಮೆಯ ಮಂತ್ರಾಲಯವನ್ನೂ ಕೆಳಗಿನ ಕರ್ನೂಲು ನಗರವನ್ನೂ ನೆರೆ ಮುಳುಗಿಸಿತು. 2015ರ ಬೇಸಿಗೆಯ ಬಿಸಿಗಾಳಿಗೆ ಆಂಧ್ರಪ್ರದೇಶದಲ್ಲಿ ಸಾವಿರಕ್ಕೂ ಮಿಕ್ಕಿ ಜನ ಬಲಿಯಾದರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದುದು ಯಾಂತ್ರಿಕ ಅವಘಡ. ಆದರೂ ಈ ಸೀಮೆಯ ನೀರಿನ ಭದ್ರತೆ ಎಷ್ಟು ತೆಳುವಾದುದೆಂಬುದನ್ನು ಅದು ತೋರಿಸಿಕೊಟ್ಟಿತು.

2. ಪರಿಭಾಷೆಯ ಪ್ರಶ್ನೆ

ನೀತಿಪತ್ರಗಳ 'ರೆಸಿಲಿಯೆನ್ಸ್' ಎಂಬ ಪದಕ್ಕೆ ಕನ್ನಡದಲ್ಲಿ 'ಸ್ಥಿತಿಸ್ಥಾಪಕತ್ವ' ಎಂಬುದು ಬಳಕೆಯಲ್ಲಿದೆ. ಭೌತಶಾಸ್ತ್ರದಿಂದ ಬಂದ ಈ ಪದಕ್ಕೆ ಮೊದಲಿನ ಸ್ಥಿತಿಗೆ ಮರಳುವ ಗುಣವೆಂದು ಅರ್ಥ. ತಗಡಿನ ಸೂರಿನಡಿ ಬದುಕುವವರ ಮೊದಲಿನ ಸ್ಥಿತಿಯೇ ದುಃಸ್ಥಿತಿಯಾಗಿದ್ದರೆ ಅಲ್ಲಿಗೆ ಮರಳುವುದರಲ್ಲಿ ನ್ಯಾಯವೆಲ್ಲಿದೆ? 'ತಾಳಿಕೆ' ಎಂಬ ದೇಸಿ ಪದ ಹತ್ತಿರದ್ದೆನಿಸಿದರೂ ಅದು ಹೊರೆಯನ್ನೆಲ್ಲ ತಾಳುವವನ ಮೇಲೆಯೇ ಹೊರಿಸುತ್ತದೆ. ಪದವನ್ನು ಆರಿಸುವಾಗಲೇ ಹೊಣೆ ಯಾರದೆಂಬುದೂ ನಿರ್ಧಾರವಾಗುತ್ತದೆ.

ನಮ್ಮ ಶಾಸನಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ಕೆರೆಯ ಪಾಲನೆಗೆ ಬಿಟ್ಟ ಭೂಮಿ ಅಥವಾ ಉತ್ಪತ್ತಿಯ ಪಾಲಿಗೆ 'ಬಿತ್ತುವಟ್ಟ'ವೆಂದೂ, ಕೆರೆ ಕಟ್ಟಿದವರಿಗೆ ಸಲ್ಲುವ ದತ್ತಿಗೆ 'ದಶಬಂಧ'ವೆಂದೂ ಹೆಸರಿತ್ತು. ದುಡಿಯುವವರು ಯಾರು, ವೆಚ್ಚ ಎಲ್ಲಿಂದ ಎಂಬ ಎರಡೂ ಪ್ರಶ್ನೆಗಳಿಗೆ ಆ ಪದಗಳಲ್ಲಿಯೇ ಉತ್ತರವಿತ್ತು.

3. ಸಂವಿಧಾನ ಕೊಟ್ಟ ಹಕ್ಕು

ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಪ್ರತಿಯೊಬ್ಬರಿಗೂ ನೀಡಿದೆ. ಆದುದರಿಂದ ಆದವಾನಿ ಪುರಸಭೆಗೆ ಕನ್ನಡದಲ್ಲಿ ಸಲ್ಲಿಸುವ ಮನವಿ ಯಾರ ಕೃಪೆಯನ್ನೂ ಬೇಡಬೇಕಾಗಿಲ್ಲ. ಮಾಹಿತಿ ಹಕ್ಕಿನ ವಿಷಯ ಬೇರೆ. 2005ರ ಅಧಿನಿಯಮದ 6ನೆಯ ಪ್ರಕರಣದಂತೆ ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕು. ಇಲ್ಲಿ ತೆಲುಗು ಅನಿವಾರ್ಯವಾಗಬಹುದು. ಎರಡು ಭಾಷೆ ಬಲ್ಲ ಗಡಿನಾಡಿನ ವಿದ್ಯಾರ್ಥಿಯ ಬೆಲೆ ಇಲ್ಲಿ ತಿಳಿಯುತ್ತದೆ. ಇನ್ನೊಂದು ಅಂಶವೂ ಗಮನಾರ್ಹ: 243ಎಸ್ ಅನುಚ್ಛೇದದಂತೆ ವಾರ್ಡು ಸಮಿತಿ ಕಡ್ಡಾಯವಾಗುವುದು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ಪುರಸಭೆಗಳಲ್ಲಿ. 2011ರ ಗಣತಿಯಲ್ಲಿ ಆದವಾನಿಯ ಜನಸಂಖ್ಯೆ ಎರಡು ಲಕ್ಷವನ್ನೂ ಮುಟ್ಟಿರಲಿಲ್ಲ. ಇಂತಹ ಊರುಗಳಲ್ಲಿ ಲಿಖಿತ ಮನವಿಯ ಮಹತ್ವ ಇನ್ನೂ ಹೆಚ್ಚು.

4. ತರಬೇತಿಯ ಕ್ರಮ

'ಅಹವಾಲು' ಎಂಬ ಶಬ್ದ ಕನ್ನಡದಲ್ಲಿ ದೂರನ್ನೂ ಬೇಡಿಕೆಯನ್ನೂ ಸೂಚಿಸಿದರೆ, ಮರಾಠಿಯ 'ಅಹವಾಲ' ವರದಿಯನ್ನು ಸೂಚಿಸುತ್ತದೆ. ಒಳ್ಳೆಯ ಮನವಿಯಲ್ಲಿ ಈ ಎರಡು ಅರ್ಥಗಳೂ ಕೂಡಿರಬೇಕು.

ಮೊದಲ ಹೆಜ್ಜೆ ಕೇಳುವುದು. "ಬಿಸ್ಲಾಗ ಹೊರಗ ಬರಬ್ಯಾಡ್ರಿ ಅಂತಾರ, ಮನ್ಯಾಗ ಕುಂತ್ರ ಒಲಿ ಹತ್ತೋದು ಹ್ಯಾಂಗ?" ಎಂದು ಹಮಾಲನೊಬ್ಬ ಹೇಳಿದನೆಂದು ಭಾವಿಸೋಣ. ಇದನ್ನು 'ಕಾರ್ಮಿಕರಲ್ಲಿ ಅರಿವಿನ ಕೊರತೆಯಿದೆ' ಎಂದು ಅನುವಾದಿಸಿದರೆ ಅವನ ಮಾತೇ ಸತ್ತುಹೋಗುತ್ತದೆ. ಅವನಿಗೆ ಅರಿವಿದೆ, ಇಲ್ಲದಿರುವುದು ಬಿಡುವಿನ ವೇಳೆಯ ಕೂಲಿ. ಕ್ಷೇತ್ರಕಾರ್ಯದಲ್ಲಿ ಆಡುಮಾತನ್ನು ಯಥಾವತ್ತಾಗಿ ದಾಖಲಿಸುವ ಶಿಸ್ತನ್ನು ಜಾನಪದದ ವಿದ್ಯಾರ್ಥಿ ಈಗಾಗಲೇ ಕಲಿತಿರುತ್ತಾನೆ.

ಎರಡನೆಯದು ಅಳೆಯುವುದು: ನಲ್ಲಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಕೆಲಸದ ಸ್ಥಳದಲ್ಲಿ ನೆರಳಿದೆಯೆ ಎಂಬುದನ್ನು ದಿನಾಂಕ ಸಹಿತ ಬರೆದಿಡುವುದು.

ಮೂರನೆಯದು ಬೇಡಿಕೆಯನ್ನು ಖಚಿತಗೊಳಿಸುವುದು. 'ಸೂಕ್ತ ಕ್ರಮ ಕೈಗೊಳ್ಳಬೇಕು' ಎಂಬ ವಾಕ್ಯ ಯಾರನ್ನೂ ಹೊಣೆಯಾಗಿಸದು. 'ಏಪ್ರಿಲ್, ಮೇ ತಿಂಗಳುಗಳಲ್ಲಿ ಮೂಟೆ ಹೊರುವ ಕೆಲಸವನ್ನು ಮಾರುಕಟ್ಟೆ ಸಮಿತಿಯು ಬೆಳಗ್ಗೆ 11ರೊಳಗೆ ಮತ್ತು ಸಂಜೆ 4ರ ಅನಂತರ ನಡೆಸಬೇಕು. ಬಿಡುವಿಗಾಗಿ ಕೂಲಿ ಕಡಿತವಾಗಬಾರದು' ಎಂಬ ವಾಕ್ಯದಲ್ಲಿ ಕರ್ತೃ, ಕಾಲ, ಕ್ರಿಯೆ ಮೂರೂ ಇವೆ. ವ್ಯಾಕರಣದ ಪಾಠ ಇಲ್ಲಿ ನ್ಯಾಯದ ಪಾಠವಾಗುತ್ತದೆ.

5. ಹೊರಗಿನ ನಿದರ್ಶನಗಳು

2010ರ ಬಿಸಿಗಾಳಿಯ ಸಾವುಗಳ ತರುವಾಯ ಅಹಮದಾಬಾದ್ 2013ರಲ್ಲಿ ಬಿಸಿಲಿನ ಕ್ರಿಯಾಯೋಜನೆ ರೂಪಿಸಿತು. ಬೆಂಗಳೂರು ತನ್ನ ಹವಾಮಾನ ಕ್ರಿಯಾಯೋಜನೆಯನ್ನು 2023ರ ನವೆಂಬರ್‌ನಲ್ಲಿ ಪ್ರಕಟಿಸಿತು. ಅದರ ಅನುಷ್ಠಾನಕ್ಕೆ ಯುವ ಪದವೀಧರರನ್ನು ತೊಡಗಿಸುವ ಫೆಲೋಶಿಪ್ಪನ್ನೂ ಪಾಲಿಕೆ ಆರಂಭಿಸಿತು. ಕರ್ನೂಲಿನ ಪಶ್ಚಿಮ ಸೀಮೆಯಿಂದ ಪ್ರತಿವರ್ಷ ಗುಳೆ ಹೋಗುವ ಕೂಲಿಕಾರರಲ್ಲಿ ಹಲವರು ಬೆಂಗಳೂರಿನಲ್ಲಿ ಕಟ್ಟಡ ಕಟ್ಟುತ್ತಾರೆ. ಎರಡೂ ಊರುಗಳಲ್ಲಿ ಬಿಸಿಲು ಅವರ ನೆತ್ತಿಯ ಮೇಲೆಯೇ ಇದೆ. ಅವರ ನುಡಿಯನ್ನು ಬಲ್ಲ ವಿದ್ಯಾರ್ಥಿ ಎರಡೂ ಕಡೆಯ ಕಡತಗಳಿಗೆ ಆ ನುಡಿಯನ್ನು ಮುಟ್ಟಿಸಬಲ್ಲನು.

ಅಭ್ಯಾಸ

1. ನಿಮ್ಮ ವಾರ್ಡಿನ ಇಬ್ಬರು ದುಡಿಮೆಗಾರರಿಂದ ಬೇಸಿಗೆಯ ಅನುಭವವನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ.
2. ಅದನ್ನು ಆಧರಿಸಿ, 350ನೆಯ ಅನುಚ್ಛೇದವನ್ನು ಉಲ್ಲೇಖಿಸಿ, ಒಂದು ಪುಟದ ಅಹವಾಲು ಸಿದ್ಧಪಡಿಸಿ. ಪ್ರತಿ ಬೇಡಿಕೆಗೂ ಕರ್ತೃಪದವಿರಲಿ.
3. ಅದನ್ನು ತೆಲುಗಿಗೆ ಅನುವಾದಿಸಿ, ಹೇಳಿದವರಿಗೆ ಓದಿ ತೋರಿಸಿ. ಅವರು ಒಪ್ಪಿದ ಮೇಲೆಯೇ ಸಲ್ಲಿಸಿ.