‘ಹಾಲು’ ಪದದ ಅಜ್ಜಿಯನ್ನು ಹುಡುಕೋಣ

ರಾಜಾಜಿನಗರದ ಯಾವುದಾದರೂ ಹಾಲಿನ ಬೂತಿನ ಮುಂದೆ ಬೆಳಿಗ್ಗೆ ಎರಡು ನಿಮಿಷ ನಿಂತು ಕೇಳಿ. ಕನ್ನಡದವರು ‘ಹಾಲು’ ಎನ್ನುತ್ತಾರೆ, ತಮಿಳಿನವರು ‘ಪಾಲ್’, ತೆಲುಗಿನವರು ‘ಪಾಲು’. ನಮ್ಮಲ್ಲಿ ಹಲವರ ಮನೆಯಲ್ಲಿ ಅದು ‘ದೂಧ್’.

‘ದೂಧ್’ ಬೇರೆ ಮನೆತನದ್ದು. ಸಂಸ್ಕೃತದ ‘ದುಗ್ಧ’ದ ಕಡೆಯದು. ಉಳಿದ ಮೂರು ಒಂದೇ ಮನೆಯವು. ಹಾಗಾದರೆ ‘ಹಾಲು’ ತಮಿಳಿನಿಂದ ಬಂತೆ? ತರಗತಿಯಲ್ಲಿ ಈ ಮಾತು ಎಷ್ಟೋ ಸಲ ಜಗಳವಾಗಿದೆ. ಉತ್ತರವನ್ನು ಹಂತ ಹಂತವಾಗಿ ನೋಡೋಣ.

1. ಹಳಗನ್ನಡದಲ್ಲೂ ಈ ಪದ ‘ಪಾಲ್’ ಎಂದೇ ಇತ್ತು. ಸುಮಾರು 10ನೇ ಶತಮಾನದಿಂದ ಕನ್ನಡದಲ್ಲಿ ಪದದ ಮೊದಲಿನ ಪಕಾರ ಹಕಾರವಾಗತೊಡಗಿತು: ಪೂ–ಹೂ, ಪುಲಿ–ಹುಲಿ. ‘ಅಪ್ಪ’, ‘ತಪ್ಪು’ಗಳಲ್ಲಿನ ಒತ್ತಕ್ಷರ ಮಾತ್ರ ಹಾಗೇ ಉಳಿಯಿತು.

2. ಹೊಸಗನ್ನಡದಲ್ಲಿ ವ್ಯಂಜನಾಂತ ಪದಗಳಿಗೆ ಉಕಾರ ಸೇರಿತು. ಮೊದಲ ಸ್ವರ ಹ್ರಸ್ವವಾದರೆ ಕಲ್–ಕಲ್ಲು, ದೀರ್ಘವಾದರೆ ಪಾಲ್–ಹಾಲು.

3. ಎಲ್ಲ ಸೋದರ ಭಾಷೆಗಳನ್ನು ಹೋಲಿಸಿ ವಿದ್ವಾಂಸರು ಮೂಲ ದ್ರಾವಿಡ ರೂಪವನ್ನು *ಪಾಲ್ ಎಂದು ಊಹಿಸಿದ್ದಾರೆ. ಆ ನಕ್ಷತ್ರ ಚಿಹ್ನೆಯ ಅರ್ಥ: ಯಾವ ಶಾಸನದಲ್ಲೂ ಸಿಕ್ಕಿಲ್ಲ, ಹೋಲಿಕೆಯಿಂದ ಕಟ್ಟಿದ್ದು.

ಈಗ ವಿಭಕ್ತಿ ರೂಪಗಳು (ಹಳಗನ್ನಡ – ಹೊಸಗನ್ನಡ):

ಪ್ರಥಮಾ: ಪಾಲ್ – ಹಾಲು
ದ್ವಿತೀಯಾ: ಪಾಲಂ – ಹಾಲನ್ನು
ತೃತೀಯಾ: ಪಾಲಿಂ – ಹಾಲಿನಿಂದ
ಚತುರ್ಥೀ: ಪಾಲ್ಗೆ – ಹಾಲಿಗೆ
ಷಷ್ಠೀ: ಪಾಲ – ಹಾಲಿನ

‘ಹಾಲಿನ’ದಲ್ಲಿ ನಡುವೆ ಬಂದ ‘ಇನ್’ ಗಮನಿಸಿ. ತಮಿಳಿನ ‘ಪಾಲಿನ್’ನಲ್ಲೂ ಅದಿದೆ. ‘ಮರ’ಕ್ಕೆ ಬಂದಾಗ ಮಾತ್ರ ನಾವು ‘ಮರದ’ ಎನ್ನುತ್ತೇವೆ, ತಮಿಳರು ‘ಮರತ್ತಿನ್’. ಆ ದಕಾರ, ತಕಾರಗಳೂ ನೆಂಟರೇ. ಪದವನ್ನು ಕಡ ತರಬಹುದು, ಆದರೆ ಇಂಥ ವ್ಯಾಕರಣದ ಒಳಗಂಟುಗಳನ್ನು ಕಡ ತರುವುದು ಅಪರೂಪ. 1816ರಲ್ಲಿ ಎಲ್ಲಿಸ್, 1856ರಲ್ಲಿ ಕಾಲ್ಡ್‌ವೆಲ್ ಈ ಭಾಷೆಗಳು ಒಂದೇ ಕುಟುಂಬವೆಂದು ತೋರಿಸಿದ್ದು ಇಂಥ ಹೋಲಿಕೆಗಳಿಂದಲೇ.

ಆದ್ದರಿಂದ ಜಗಳಕ್ಕೆ ಉತ್ತರ ಇಷ್ಟು: ತಮಿಳು ಪಕಾರವನ್ನು ಉಳಿಸಿಕೊಂಡಿತು, ಕನ್ನಡ ಬದಲಿಸಿತು. ಹಳೆಯ ಸೀರೆ ಜೋಪಾನ ಮಾಡಿದ ಅಕ್ಕ ತಂಗಿಗೆ ತಾಯಿಯಾಗುವುದಿಲ್ಲ.

ಅಭ್ಯಾಸ: ಹತ್ತು, ಹಲ್ಲು, ಹೆಸರು, ಹಕ್ಕು – ಇವುಗಳಲ್ಲಿ ಒಂದು ಎಂದೂ ಪಕಾರದಿಂದ ಆರಂಭವಾಗಿರಲಿಲ್ಲ. ಯಾವುದು? ಮನೆಯಲ್ಲಿ ಉರ್ದು ಮಾತಾಡುವವರಿಗೆ ಇದು ಬೇಗ ಹೊಳೆಯುತ್ತದೆ. ಕನ್ನಡ ನಮ್ಮ ಮನೆಮಾತಲ್ಲ ಎಂದು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವವರೇ, ಈ ಸಲ ಮೊದಲು ಕೈ ಎತ್ತಿ.