ಹೊಸ ಮಾದರಿಯಲ್ಲಿ ಉಳಿದದ್ದೇನು?

ಎಸ್‌ಯುವಿಯ ಹೊಸ ಮಾದರಿ ಬಂದಾಗ ಕಂಪನಿ ಕೊಡುವ ಪಟ್ಟಿಯಲ್ಲಿ ಸೇರಿಸಿದ್ದೆಲ್ಲ ಇರುತ್ತದೆ, ತೆಗೆದದ್ದು ಇರುವುದಿಲ್ಲ. ಪರದೆ ಎಷ್ಟು ಇಂಚು ದೊಡ್ಡದಾಯಿತು, ಸೀಟು ಹೇಗೆ ತಂಪಾಗುತ್ತದೆ, ಕ್ಯಾಮೆರಾ ಎಷ್ಟಿವೆ ಎಂಬುದನ್ನೆಲ್ಲ ಶೋರೂಮಿನವರು ಬಾಯಿಪಾಠ ಒಪ್ಪಿಸುತ್ತಾರೆ. ಒಮಾನಿನಲ್ಲಿ ಗಾಡಿ ಓಡಿಸುತ್ತ, ನಮ್ಮ ಊರಿನವರು ಕೊಳ್ಳುವಾಗಲೂ ಮಾರುವಾಗಲೂ ಅವರ ಲೆಕ್ಕಾಚಾರ ನೋಡುತ್ತ ನಾನು ಆ ಪಟ್ಟಿಯನ್ನು ಬೇರೆ ರೀತಿಯಲ್ಲಿ ಓದಲು ಕಲಿತೆ. ಮಧ್ಯಮ ಗಾತ್ರದ ಎಸ್‌ಯುವಿಯ ಯೋಗ್ಯತೆ ಹೊಸದಾಗಿ ಸೇರಿದ್ದಕ್ಕಿಂತ ಹಳೆಯದರಲ್ಲಿದ್ದ ಏನೇನು ಉಳಿಯಿತು ಎಂಬುದರಲ್ಲಿದೆ. ಬೇರೆ ದೇಶದಲ್ಲಿ ಈ ಮಾತಿಗೆ ಇಷ್ಟು ತೂಕ ಇರಲಿಕ್ಕಿಲ್ಲ. ಇಲ್ಲಿ ಮಸ್ಕತ್ ಬಿಟ್ಟು ಕೆಲವೇ ತಾಸಿನಲ್ಲಿ ಕಡಿದಾದ ಬೆಟ್ಟ, ಮೆತ್ತನೆಯ ಮರಳು, ಕಲ್ಲು ತುಂಬಿದ ವಾದಿ ಎಂಬ ಒಣ ಹೊಳೆಪಾತ್ರ ಮೂರೂ ಸಿಗುತ್ತವೆ. ಪರದೆಯ ಅಳತೆ ಈ ಮೂರರಲ್ಲಿ ಯಾವುದಕ್ಕೂ ಸಂಬಂಧಿಸಿದ್ದಲ್ಲ.

ಗಲ್ಫಿನಲ್ಲಿ ಕುಟುಂಬಸ್ಥರು ಹೆಚ್ಚು ನೋಡುವ ಎರಡು ಗಾಡಿಗಳ ಚರಿತ್ರೆಯನ್ನೇ ತೆಗೆದುಕೊಳ್ಳಿ. ನಿಸಾನ್ ಪಾಥ್‌ಫೈಂಡರ್ 2005ರ ಮಾದರಿಯಲ್ಲಿ ಲಾರಿಯಂತೆ ಪ್ರತ್ಯೇಕ ಚಾಸಿಯ ಮೇಲೆ ಕೂತಿತ್ತು, ನಿಧಾನದ ಓಟದಲ್ಲಿ ಹೆಚ್ಚು ಬಲ ಕೊಡುವ ಲೋ ಗೇರ್ ಇತ್ತು. 2013ರ ಮಾದರಿಯಲ್ಲಿ ಚಾಸಿ ಹೋಗಿ ಕಾರಿನ ಹಾಗೆ ಒಂದೇ ಕವಚದ ಒಡಲು ಬಂತು, ಗೇರ್‌ಬಾಕ್ಸಿನ ಜಾಗಕ್ಕೆ ಬಿಡಿ ಗೇರುಗಳಿಲ್ಲದ ಸಿವಿಟಿ ಬಂತು, ಲೋ ಗೇರ್ ಮಾಯವಾಯಿತು. ಹೆಸರು ಮಾತ್ರ ಅದೇ. 2022ರ ಮಾದರಿಯಲ್ಲಿ ಸಿವಿಟಿಯನ್ನು ಕೈಬಿಟ್ಟು ಒಂಬತ್ತು ಗೇರಿನ ಆಟೊಮ್ಯಾಟಿಕ್ ಹಾಕಿದರು, ನೆಲಕ್ಕೆ ತಕ್ಕಂತೆ ತಿರುಗಿಸಲು ಏಳು ಆಯ್ಕೆಗಳ ಗುಂಡಿ ಕೊಟ್ಟರು. ಲೋ ಗೇರ್ ಮಾತ್ರ ಮರಳಿ ಬರಲಿಲ್ಲ. ಟೊಯೋಟಾದ ಪ್ರಾಡೊ ಹಿಡಿದ ದಾರಿ ಬೇರೆ. 2009ರಿಂದ ಓಡುತ್ತಿದ್ದ 150 ಸರಣಿಯ ಜಾಗಕ್ಕೆ 2023ರ ಆಗಸ್ಟಿನಲ್ಲಿ 250 ಸರಣಿಯನ್ನು ತೋರಿಸಿದಾಗ ಚಾಸಿ, ಲೋ ಗೇರ್, ನಡುವಿನ ಡಿಫರೆನ್ಶಿಯಲ್ ಲಾಕ್ ಮೂರನ್ನೂ ಉಳಿಸಿಕೊಂಡಿದ್ದರು. ಹೋದದ್ದು ನಾಲ್ಕು ಲೀಟರಿನ ವಿ6 ಎಂಜಿನ್ ಮತ್ತು ಹೈಡ್ರಾಲಿಕ್ ಸ್ಟೀರಿಂಗ್. ಗಾಡಿಯ ಅಗಲ ಒಂಬತ್ತೂವರೆ ಸೆಂಟಿಮೀಟರ್ ಹೆಚ್ಚಿತು. ಮಸ್ಕತ್ತಿನ ರೂವಿಯ ಹಳೆ ಕಟ್ಟಡಗಳ ಕೆಳಗೆ ಪಾರ್ಕಿಂಗ್ ಹುಡುಕುವವರಿಗೆ ಇದು ಸಣ್ಣ ವಿಷಯವಲ್ಲ, ವಾದಿ ಬನಿ ಔಫ್‌ನ ಇಕ್ಕಟ್ಟಿನ ತಿರುವುಗಳಲ್ಲಂತೂ ಅಲ್ಲವೇ ಅಲ್ಲ. ಊರಿನ ಓದುಗರಿಗೆ ಈ ಎರಡು ದಾರಿಗಳು ಮಹೀಂದ್ರಾದ ಮನೆಯಲ್ಲೇ ಕಾಣಸಿಗುತ್ತವೆ: 2021ರ ಎಕ್ಸ್‌ಯುವಿ700 ಒಂದೇ ಕವಚದ ಗಾಡಿ, 2022ರ ಸ್ಕಾರ್ಪಿಯೊ ಎನ್ ಚಾಸಿಯ ಗಾಡಿ.

ಲೋ ಗೇರಿನ ಬಗ್ಗೆ ನಾನು ಇಷ್ಟು ಹೇಳುವುದಕ್ಕೆ ಕಾರಣ ಜಬಲ್ ಅಖ್ದರ್ ಬೆಟ್ಟ. ಬಿರ್ಕತ್ ಅಲ್ ಮೌಜ್‌ನ ಚೆಕ್‌ಪೋಸ್ಟಿನಲ್ಲಿ ಪೊಲೀಸರು ಫೋರ್ ವೀಲ್ ಗಾಡಿಗಳನ್ನು ಮಾತ್ರ ಮೇಲೆ ಬಿಡುತ್ತಾರೆ. ಅಲ್ಲಿಂದ ಸುಮಾರು ಎರಡು ಸಾವಿರ ಮೀಟರ್ ಎತ್ತರದ ಸೈಕ್‌ವರೆಗೂ ರಸ್ತೆ ನುಣ್ಣನೆಯ ಡಾಂಬರು. ಡಾಂಬರಿಗೆ ಫೋರ್ ವೀಲ್ ಯಾಕೆ, ಇದು ಸುಮ್ಮನೆ ಕಾಟ ಎಂದು ಗೊಣಗುವವರು ಬಹಳ. ಅವರ ವಾದದಲ್ಲಿ ಅರ್ಧ ಸತ್ಯವಿದೆ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋದ ಮಾತ್ರಕ್ಕೆ ಬ್ರೇಕು ಬಲವಾಗುವುದಿಲ್ಲ. ಬ್ರೇಕು ಯಾವ ಕಾರಿನಲ್ಲೂ ನಾಲ್ಕು ಚಕ್ರಕ್ಕೂ ಇದ್ದೇ ಇರುತ್ತದೆ. ಆದರೆ ಅಪಾಯ ಇರುವುದು ಹತ್ತುವಾಗ ಅಲ್ಲ, ಇಳಿಯುವಾಗ. ಎರಡು ಟನ್ನಿಗೂ ಮೀರಿದ ತೂಕ ಕಿಲೋಮೀಟರುಗಟ್ಟಲೆ ಇಳಿಜಾರಿನಲ್ಲಿ ಜಾರುವಾಗ ಬ್ರೇಕಿನ ಮೇಲೇ ಕಾಲಿಟ್ಟು ಕೂತರೆ ಪ್ಯಾಡು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕು ಸೋತ ಗಾಡಿಗಳಿಗೆಂದೇ ಆ ರಸ್ತೆಯ ಪಕ್ಕದಲ್ಲಿ ಏರು ದಾರಿಗಳನ್ನು ಕಟ್ಟಿಟ್ಟಿದ್ದಾರೆ, ಅವು ಅಲಂಕಾರಕ್ಕಲ್ಲ. ಘಾಟಿ ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದು ಆಗುಂಬೆ, ಚಾರ್ಮಾಡಿಯ ಡ್ರೈವರುಗಳು ಹೇಳುವ ಮಾತು ಇಲ್ಲಿಗೂ ಸಲ್ಲುತ್ತದೆ. ಎಂಜಿನ್ನಿನಿಂದಲೇ ಗಾಡಿಯನ್ನು ತಡೆಹಿಡಿಯುವ ಆ ಶಕ್ತಿ ಲೋ ಗೇರಿನಲ್ಲಿ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ. ನಿಯಮ ಕೇಳುವುದು ಫೋರ್ ವೀಲ್, ಬೆಟ್ಟ ಕೇಳುವುದು ಸಣ್ಣ ಗೇರು.

ಇಲ್ಲೊಂದು ಸೂಕ್ಷ್ಮವಿದೆ. ಪ್ರಾಡೊದಂಥ ಸದಾ ಫೋರ್ ವೀಲ್ ಗಾಡಿಯಲ್ಲಿ ನಡುವೆ, ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ಇರುವುದರಿಂದ, ಅದನ್ನು ಲಾಕ್ ಮಾಡದೆ, ಒಣ ಡಾಂಬರಿನ ಮೇಲೂ ಲೋ ಗೇರ್ ಬಳಸಬಹುದು. ಬೇಕೆಂದಾಗ ಮಾತ್ರ ಮುಂದಿನ ಚಕ್ರ ಸೇರಿಸಿಕೊಳ್ಳುವ, ನಿಸಾನ್ ಎಕ್ಸ್‌ಟೆರಾದಂಥ ಗಾಡಿಗಳಲ್ಲಿ ಹಾಗೆ ಮಾಡಿದರೆ ತಿರುವಿನಲ್ಲಿ ಹಿಂದಿನ ಮತ್ತು ಮುಂದಿನ ಚಕ್ರಗಳ ಓಟ ಹೊಂದದೆ ಗೇರುಗಳಿಗೆ ಏಟು ಬೀಳುತ್ತದೆ. ಅವುಗಳಲ್ಲಿ ಡಾಂಬರು ಇಳಿಯುವಾಗ ಎರಡು ಚಕ್ರದಲ್ಲೇ ಇಟ್ಟು ಒಂದನೆಯ ಅಥವಾ ಎರಡನೆಯ ಗೇರನ್ನು ಕೈಯಿಂದ ಹಿಡಿದಿಡಬೇಕು. ಹೀಗೆ ನೋಡಿದರೆ 2022ರ ಪಾಥ್‌ಫೈಂಡರ್ ಬಗ್ಗೆ ಕಟುವಾಗಿರುವುದು ನ್ಯಾಯವಲ್ಲ. ಸಿವಿಟಿಯ ತೈಲ ದೀರ್ಘ ಏರಿನಲ್ಲಿ ಅತಿಯಾಗಿ ಕಾದರೆ ಯಂತ್ರ ತನ್ನನ್ನು ಉಳಿಸಿಕೊಳ್ಳಲು ಶಕ್ತಿಯನ್ನು ಇಳಿಸಿಬಿಡುತ್ತದೆ. ನಿಜವಾದ ಗೇರುಗಳು ಮರಳಿದ್ದು ಒಮಾನಿನ ಮಟ್ಟಿಗೆ ಆ ಏಳು ಆಯ್ಕೆಗಳ ಗುಂಡಿಗಿಂತ ದೊಡ್ಡ ಸುಧಾರಣೆ. ಜಾಹೀರಾತಿನಲ್ಲಿ ಗುಂಡಿಗೆ ಸಿಕ್ಕ ಜಾಗ ಗೇರ್‌ಬಾಕ್ಸಿಗೆ ಸಿಗಲಿಲ್ಲ, ಅಷ್ಟೆ.

ಈಗೆಲ್ಲ ಕಂಪ್ಯೂಟರೇ ನೋಡಿಕೊಳ್ಳುತ್ತದೆ, ಲೋ ಗೇರು ಅಜ್ಜನ ಕಾಲದ್ದು ಎನ್ನುವ ಆಕ್ಷೇಪಕ್ಕೆ ಉತ್ತರಿಸಬೇಕು. ಇದು ತೀರ ಹುರುಳಿಲ್ಲದ ಮಾತಲ್ಲ. ಹೊಸ ಪ್ರಾಡೊದಲ್ಲಿ ಗುಂಡಿ ಒತ್ತಿದರೆ ಮುಂದಿನ ಸ್ಟೆಬಿಲೈಸರ್ ಬಾರು ಬಿಡಿಸಿಕೊಂಡು ಚಕ್ರಗಳು ಇನ್ನಷ್ಟು ಕೆಳಗಿಳಿದು ಕಲ್ಲನ್ನು ಹಿಡಿಯುವ ವ್ಯವಸ್ಥೆಯಿದೆ. ನಿಧಾನಕ್ಕೆ ತಾನೇ ತೆವಳುವ ಕ್ರಾಲ್ ಕಂಟ್ರೋಲ್, ಬಾನೆಟ್ಟಿನ ಕೆಳಗಿನ ನೆಲವನ್ನು ತೋರಿಸುವ ಕ್ಯಾಮೆರಾ ಇವೆಲ್ಲ ಹೊಸಬರಿಗೆ ನಿಜಕ್ಕೂ ಆಸರೆ. ಆದರೆ ಎಲೆಕ್ಟ್ರಾನಿಕ್ಸ್ ಬಹುಪಾಲು ಕೆಲಸ ಮಾಡುವುದು ಜಾರುವ ಚಕ್ರದ ಬ್ರೇಕು ಹಿಡಿದು. ಬಿದಿಯಾದ ಆಚೆ ವಹೀಬಾ ಮರಳಿನಲ್ಲಿ ಗಾಡಿಗೆ ಬೇಕಾದದ್ದು ಓಟದ ರಭಸ. ಬ್ರೇಕು ಹಿಡಿದು ಶಕ್ತಿ ಕಡಿಮೆ ಮಾಡುವ ವ್ಯವಸ್ಥೆ ಅಲ್ಲಿ ಶತ್ರು. ಆದ್ದರಿಂದಲೇ ಮರಳಿಗೆ ಇಳಿಯುವವರು ಸ್ಟೆಬಿಲಿಟಿ ಕಂಟ್ರೋಲನ್ನು ಬಂದ್ ಮಾಡುತ್ತಾರೆ. ಅದಕ್ಕೂ ಮೊದಲು ಟೈರಿನ ಗಾಳಿಯನ್ನು ಅರ್ಧಕ್ಕೆ ಇಳಿಸುತ್ತಾರೆ. ಗಾಳಿ ಇಳಿಸಿದಾಗ ಟೈರು ಅಗಲವಾಗಿ ಹರಡಿ ಮರಳ ಮೇಲೆ ತೇಲಬೇಕು. ಹಾಗೆ ಹರಡಲು ಪಕ್ಕದ ಗೋಡೆ ಎತ್ತರವಿರಬೇಕು. ಶೋರೂಮಿನಲ್ಲಿ ಕಣ್ಣು ಸೆಳೆಯುವ ಇಪ್ಪತ್ತು ಇಂಚಿನ ರಿಮ್ಮಿನಲ್ಲಿ ಆ ಗೋಡೆ ತೆಳ್ಳಗೆ, ಹದಿನೆಂಟರಲ್ಲಿ ದಪ್ಪ. ಹೆಚ್ಚು ದುಡ್ಡು ಕೊಟ್ಟವನಿಗೆ ಮರಳಿನಲ್ಲಿ ಕಡಿಮೆ ಯೋಗ್ಯತೆಯ ಗಾಡಿ ಸಿಗುವುದು ವಿಚಿತ್ರವಾದರೂ ನಿಜ.

ಎಂಜಿನ್ನಿನ ವಿಷಯದಲ್ಲಿ ಮಾತ್ರ ನಾನು ಹಳೆಯದರ ಪರ ನಿಲ್ಲಲಾರೆ. ಆರು ಸಿಲಿಂಡರು ಹೋಗಿ ನಾಲ್ಕು ಬಂತು, ಇನ್ನು ಪ್ರಾಡೊ ಮುಗಿಯಿತು ಎಂದು ಗಲ್ಫಿನಲ್ಲಿ ಕೊರಗಿದವರಿದ್ದಾರೆ. ಹಳೆಯ ವಿ6 ಕೊಡುತ್ತಿದ್ದ ಟಾರ್ಕ್ 381 ನ್ಯೂಟನ್ ಮೀಟರ್, 2.4 ಲೀಟರಿನ ಟರ್ಬೊ ಕೊಡುವುದು 430, ಅದೂ ಕಡಿಮೆ ವೇಗದ ತಿರುಗಾಟದಲ್ಲೇ. ಬೆಟ್ಟದ ಗಾಳಿ ತೆಳುವಾದಂತೆ ಟರ್ಬೊ ಇಲ್ಲದ ಎಂಜಿನ್ ಸೈಕ್‌ನ ಎತ್ತರಕ್ಕೆ ಬರುವಷ್ಟರಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಶಕ್ತಿ ಕಳೆದುಕೊಂಡಿರುತ್ತದೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಆ ನಷ್ಟ ಬಹಳ ಕಡಿಮೆ. ಪೆಟ್ರೋಲು ಉಳಿಯುತ್ತದೆ ಎಂಬ ವಾದ ಮಾತ್ರ ಇಲ್ಲಿ ಅಷ್ಟು ಬಲವಾದದ್ದಲ್ಲ. 2021ರ ನವೆಂಬರಿನಲ್ಲಿ ಸರಕಾರ ಬೆಲೆಗೆ ಮಿತಿ ಹಾಕಿದಾಗ 95ರ ಪೆಟ್ರೋಲು ಲೀಟರಿಗೆ 239 ಬೈಸಾಕ್ಕೆ ನಿಂತಿತು, ಬೆಂಗಳೂರಿನ ದರದ ಸುಮಾರು ಅರ್ಧ. ಟರ್ಬೊಗೆ ಶಾಖ ಹೆಚ್ಚು, ಆಯಿಲ್ ಬದಲಿಸುವುದರಲ್ಲಿ ಆಲಸ್ಯ ಮಾಡಿದರೆ ವಿ6 ಸಹಿಸಿಕೊಂಡಂತೆ ಅದು ಸಹಿಸುವುದಿಲ್ಲ ಎಂಬ ಭಯಕ್ಕೆ ಆಧಾರವಿದೆ. ಅದು ಮಾಲೀಕನ ಶಿಸ್ತಿನ ಪ್ರಶ್ನೆ.

ಶಾಖದ ಮಾತು ಬಂದದ್ದರಿಂದ ಗಾಜಿನ ಛಾವಣಿಯನ್ನು ಬಿಡಲಾರೆ. ಕುರಿಯಾತ್‌ನಲ್ಲಿ 2018ರ ಜೂನ್ 26ರಂದು ಇಡೀ ದಿನ, ರಾತ್ರಿಯೂ ಸೇರಿ, ಉಷ್ಣತೆ 42.6 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಅಂಥ ಕರಾವಳಿಯಲ್ಲಿ ತಲೆಯ ಮೇಲೆ ಗಾಜು ಹೊದಿಸಿಕೊಳ್ಳುವುದು, ಮತ್ತೆ ಅದಕ್ಕೊಂದು ಪರದೆ ಎಳೆದುಕೊಳ್ಳುವುದು ನನಗೆ ಇಂದಿಗೂ ಅರ್ಥವಾಗದ ವ್ಯವಹಾರ. ಟೆಸ್ಟ್ ಡ್ರೈವಿನಲ್ಲಿ ನೋಡಬೇಕಾದದ್ದು ಮೂರನೆಯ ಸಾಲಿಗೆ ಎಸಿ ಹೇಗೆ ತಲುಪುತ್ತದೆ ಎಂಬುದನ್ನು, ಅದೂ ಮಧ್ಯಾಹ್ನ, ಬಿಸಿಲಲ್ಲಿ ನಿಂತಿದ್ದ ಗಾಡಿಯಲ್ಲಿ. ಅಮೆರಿಕದಿಂದ ಬಂದ ಹಳೆ ಗಾಡಿ ಅಗ್ಗಕ್ಕೆ ಸಿಗುತ್ತದೆಂದು ಹಾರುವವರು ಜಿಸಿಸಿ ಸ್ಪೆಕ್ ಎಂಬ ಎರಡು ಪದಗಳಿಗೆ ಇಲ್ಲಿ ಯಾಕೆ ಬೆಲೆಯಿದೆ ಎಂದು ಮೊದಲು ವಿಚಾರಿಸುವುದು ಒಳ್ಳೆಯದು. ಅದು ಈ ಬಿಸಿಲಿಗೆಂದೇ ಮಾಡಿಸಿದ ತಂಪು ವ್ಯವಸ್ಥೆಯ ಗುರುತು.

ಯಾವ ಮರುವಿನ್ಯಾಸವೂ ಮುಟ್ಟಲಾಗದ ಒಂದು ಮಿತಿಯಿದೆ: ಹರಿಯುವ ವಾದಿ. ಪ್ರಾಡೊದಂಥ ಗಾಡಿ ಎಪ್ಪತ್ತು ಸೆಂಟಿಮೀಟರ್ ಆಳದ ನೀರು ದಾಟಬಲ್ಲದು ಎಂದು ಹೇಳುವುದನ್ನು ಕೇಳಿ ಧೈರ್ಯ ಮಾಡುವವರಿದ್ದಾರೆ. ಆ ಅಂಕಿ ನಿಂತ ನೀರಿಗೆ ಸಂಬಂಧಿಸಿದ್ದು, ಎಂಜಿನ್ನಿಗೆ ನೀರು ಹೋಗದಿರುವುದಕ್ಕೆ. ಹರಿಯುವ ನೀರು ಅರುವತ್ತು ಸೆಂಟಿಮೀಟರ್ ಇದ್ದರೆ ಸಾಕು, ದೊಡ್ಡ ಎಸ್‌ಯುವಿಯನ್ನೂ ಎತ್ತಿ ಒಯ್ಯುತ್ತದೆ. ಹೊಸ ಗಾಡಿಯ ಒಡಲು ನೀರಿಗೆ ಚೆನ್ನಾಗಿ ಮುಚ್ಚಿಕೊಂಡಷ್ಟೂ ತೇಲುವುದು ಬೇಗ. 2024ರ ಏಪ್ರಿಲಿನಲ್ಲಿ ಸಮದ್ ಅಲ್ ಶಾನ್‌ನಲ್ಲಿ ಶಾಲಾ ಮಕ್ಕಳಿದ್ದ ವಾಹನ ಪ್ರವಾಹದಲ್ಲಿ ಕೊಚ್ಚಿಹೋಗಿ ಹಲವು ಮಕ್ಕಳು ಸತ್ತರು. ತುಂಬಿದ ವಾದಿ ದಾಟುವುದನ್ನು ಒಮಾನಿನ ಸಂಚಾರ ಕಾನೂನು ಅಪರಾಧ ಎಂದು ಪರಿಗಣಿಸುವುದು ಅತಿಯಾಯಿತು ಎನ್ನುವವರ ಜೊತೆ ನನಗೆ ವಾದವೇ ಬೇಡ.

ಕೊನೆಗೆ ಉಳಿಯುವ ಆಕ್ಷೇಪ ಎಲ್ಲಕ್ಕಿಂತ ಪ್ರಾಮಾಣಿಕವಾದದ್ದು. ನಮ್ಮ ಕನ್ನಡದ ಕುಟುಂಬಗಳಲ್ಲಿ ಹೆಚ್ಚಿನವು ರೂವಿ, ಅಲ್ ಖುವೈರ್, ಗುಬ್ರಾ, ಸೀಬ್ ಎಂದು ಡಾಂಬರಿನಲ್ಲೇ ಬದುಕುವಂಥವು. ವಾರವಿಡೀ ಆಫೀಸು ಮತ್ತು ಶಾಲೆ, ವರ್ಷಕ್ಕೊಮ್ಮೆ ಖರೀಫ್ ಎಂಬ ಮಳೆಗಾಲದಲ್ಲಿ ಸುಮಾರು ಸಾವಿರ ಕಿಲೋಮೀಟರ್ ದೂರದ ಸಲಾಲಾ. ಇವರಿಗೆ ಚಾಸಿ, ಲೋ ಗೇರು ಎಂದು ಉಪದೇಶ ಯಾಕೆ? ಒಪ್ಪುತ್ತೇನೆ. ಹೈಮಾ ದಾಟಿ ಥುಮ್ರೈತ್‌ವರೆಗಿನ ಆ ಉದ್ದಾನುದ್ದ ಬಯಲಿನಲ್ಲಿ ಚಾಸಿಯ ಗಾಡಿಗಿಂತ ಒಂದೇ ಕವಚದ ಏಳು ಸೀಟಿನ ಗಾಡಿಯೇ ಹಿತ, ಮೂರನೆಯ ಸಾಲಿನಲ್ಲಿ ಕಾಲು ಚಾಚಲು ಜಾಗವೂ ಹೆಚ್ಚು. ಮುಂದಿನ ಗಾಡಿಯ ಅಂತರ ಕಾಯುವ ಕ್ರೂಸ್ ಕಂಟ್ರೋಲ್, ಗೆರೆ ತಪ್ಪಿದರೆ ಎಚ್ಚರಿಸುವ ಸೌಕರ್ಯ ಆ ರಸ್ತೆಯಲ್ಲಿ ಜೀವ ಉಳಿಸಬಹುದಾದಂಥವು. ರಾತ್ರಿ ರಸ್ತೆಗೆ ಬರುವ ಒಂಟೆಯ ವಿಷಯದಲ್ಲಿ ಮಾತ್ರ ಅವುಗಳನ್ನು ನಂಬದೆ ಹಗಲಿನಲ್ಲೇ ಹೊರಡುವುದು ಲೇಸು. ಅಂಥ ಮನೆಯವರು ಪಾಥ್‌ಫೈಂಡರಿನಂಥದ್ದನ್ನೇ, ಸಣ್ಣ ರಿಮ್ಮಿನ, ಗಾಜಿನ ಛಾವಣಿಯಿಲ್ಲದ ದರ್ಜೆಯಲ್ಲಿ ಕೊಳ್ಳಲಿ. ಊರಿನಿಂದ ಅಪ್ಪ ಅಮ್ಮ ಬಂದು ಜಬಲ್ ಅಖ್ದರ್‌ನ ಗುಲಾಬಿ ನೋಡಬೇಕೆಂದಾಗ ಲೋ ಗೇರಿರುವ ಗಾಡಿಯನ್ನು ಒಂದು ದಿನದ ಮಟ್ಟಿಗೆ, ಆ ಇಳಿಜಾರು ಗೊತ್ತಿರುವ ಡ್ರೈವರ್ ಸಮೇತ ಬಾಡಿಗೆಗೆ ತೆಗೆದುಕೊಂಡರೆ ಆಯಿತು.